ಸಿಯಾಟಲ್: ಫುಟ್‌ಪಾತ್ ಕೆಳಗೊಂದು ಫುಟ್‌ಪಾತ್

ಫ್ಲೂಯಿಡ್ ಮೆಕ್ಯಾನಿಕ್ಸ್ ಪೇಪರಲ್ಲಿ 'ನೀರು ಯಾವ ಕಡೆ ಹರಿಯುತ್ತೆ' ಅನ್ನೋ ಪ್ರಶ್ನೆಗೆ ಇಳಿಜಾರು ನೋಡಿ ಉತ್ತರ ಬರೆದು ಅಂಕ ಕಳೆದುಕೊಂಡವನು ನಾನು. ಪೈಪ್ ಇಳಿಜಾರಾಗಿದ್ದರೆ ಸಾಲದು, ಎರಡು ತುದಿಯ ಹೆಡ್ ನೋಡಬೇಕು. ಇದು ನನ್ನ ತಲೆಗೆ ಸರಿಯಾಗಿ ಹೋಗಿದ್ದು ಕಳೆದ ರಜೆಯಲ್ಲಿ, ಅಕ್ಕನ ಮನೆಗೆಂದು ಅಮೆರಿಕದ ಸಿಯಾಟಲ್‌ಗೆ ಹೋದಾಗ. ಅದೂ ಒಂದು ಹಳೇ ಊರಿನ ನೆಲದಡಿಯಲ್ಲಿ.

ಪಯೊನೀರ್ ಸ್ಕ್ವೇರ್ ಅಂತ ಒಂದು ಬಡಾವಣೆ. ಸಿಯಾಟಲ್ ಹುಟ್ಟಿದ್ದೇ ಅಲ್ಲಿ. 1851ರಲ್ಲಿ ಬಂದ ವಲಸಿಗರು ಕಾಡು ಕಡಿದು ಕಟ್ಟಿದ ಗಡಿನಾಡಿನ ಊರು ಇದು. 1853ರಲ್ಲಿ ಹೆನ್ರಿ ಯೆಸ್ಲರ್ ಎಂಬಾತ ಉಗಿಯಂತ್ರದ ಮರದ ಮಿಲ್ ಹಾಕಿದ. ಮಿಲ್‌ನ ಹೊಟ್ಟನ್ನೇ ಸಮುದ್ರದಂಚಿನ ಕೆಸರಿಗೆ ಸುರಿದು ಜಾಗ ಮಾಡಿಕೊಂಡರು. ಮನೆ ಮರದ್ದು, ರಸ್ತೆ ಮರದ್ದು, ನೀರಿನ ಪೈಪೂ ಮರದ್ದೇ! ನೆಲ ಎಷ್ಟು ತಗ್ಗಿನಲ್ಲಿತ್ತು ಅಂದ್ರೆ, ಭರತ ಬಂದಾಗ ಸಮುದ್ರದ ಮಟ್ಟ ಚರಂಡಿಯ ಬಾಯಿಗಿಂತ ಮೇಲೇರುತ್ತಿತ್ತು. ಹೆಡ್ ತಿರುಗುಮುರುಗಾಯ್ತು. ಹೊರಗೆ ಹೋಗಬೇಕಾದದ್ದು ಪೈಪಿನಲ್ಲಿ ವಾಪಸ್ ಬಂದು ಜನರ ಟಾಯ್ಲೆಟ್‌ನಿಂದ ಉಕ್ಕುತ್ತಿತ್ತು. ಗೈಡ್ ಇದನ್ನು ತುಂಬಾ ಖುಷಿಯಿಂದ ವರ್ಣಿಸಿದರು. ಬೆಳಿಗ್ಗೆ ಪತ್ರಿಕೆಯಲ್ಲಿ ಭರತ-ಇಳಿತದ ಸಮಯ ನೋಡಿಕೊಂಡೇ ಒಳಗೆ ಹೋಗುತ್ತಿದ್ದರಂತೆ!

1889ರ ಜೂನ್ 6. ಬಡಗಿ ಅಂಗಡಿಯೊಂದರಲ್ಲಿ ಕಾಯಿಸುತ್ತಿದ್ದ ಅಂಟು ಉಕ್ಕಿ ಬೆಂಕಿ ಹತ್ತಿತು. ನೆಲದ ಮೇಲೆ ಮರದ ಸಿಪ್ಪೆ, ಟರ್ಪೆಂಟೈನ್. ನೀರು ಎರಚಿದ್ದೇ ತಡ, ಬೆಂಕಿ ಇನ್ನಷ್ಟು ಹರಡಿತು. ಅಗ್ನಿಶಾಮಕದವರು ಹಲವು ಹೋಸ್‌ಗಳನ್ನು ಒಮ್ಮೆಲೇ ಜೋಡಿಸಿದಾಗ ಪ್ರೆಷರ್ ಬಿದ್ದೇ ಹೋಯ್ತು. ಇಪ್ಪತ್ತೈದಕ್ಕೂ ಹೆಚ್ಚು ಬ್ಲಾಕ್‌ಗಳು ಬೂದಿಯಾದವು.

ಇನ್ನು ಮುಂದಿನದು ನಮಗೆ ಬೇಕಾದ ಪಾಠ.

ನಗರಾಡಳಿತ ಎರಡು ತೀರ್ಮಾನ ಮಾಡಿತು: ಹೊಸ ಕಟ್ಟಡಗಳು ಇಟ್ಟಿಗೆ ಅಥವಾ ಕಲ್ಲಿನವೇ ಆಗಬೇಕು, ರಸ್ತೆಗಳನ್ನು ಎತ್ತರಿಸಬೇಕು, ಚರಂಡಿಗೆ ಹೆಡ್ ಸಿಗಲಿ ಅಂತ. ಎರಡೂ ಸರಿಯೇ. ಆದರೆ ರಸ್ತೆ ಎತ್ತರಿಸೋಕೆ ವರ್ಷಗಟ್ಟಲೆ ಬೇಕು, ವ್ಯಾಪಾರಿ ಅಷ್ಟು ದಿನ ಅಂಗಡಿ ಮುಚ್ಚಿ ಕೂರೋದಿಲ್ಲ. ಅವರು ಹಳೇ ಮಟ್ಟದಲ್ಲೇ ಕಟ್ಟಿಬಿಟ್ಟರು. 1880ರಲ್ಲಿ 3,533 ಇದ್ದ ಜನಸಂಖ್ಯೆ 1890ಕ್ಕೆ 42,837; ಕಾಯೋಕೆ ಯಾರಿಗೆ ಪುರುಸೊತ್ತು? ಆಮೇಲೆ ನಗರದವರು ಬಂದು ರಸ್ತೆಯ ಎರಡೂ ಅಂಚಿಗೆ ತಡೆಗೋಡೆ ಕಟ್ಟಿ, ನಡುವೆ ಮಣ್ಣು ತುಂಬಿ, ಮೇಲೆ ರಸ್ತೆ ಮಾಡಿದರು. ಸಾಮಾನ್ಯವಾಗಿ 12 ಅಡಿ, ಕೆಲವೆಡೆ ಸುಮಾರು 30 ಅಡಿ ಏರಿಕೆ. ಆದರೆ ಫುಟ್‌ಪಾತ್ ಮಾತ್ರ ಕೆಳಗೇ ಉಳೀತು! ಒಂದು ಕಡೆ ಅಂಗಡಿ, ಇನ್ನೊಂದು ಕಡೆ ಗೋಡೆ, ನಡುವೆ ಕಂದಕ. ರಸ್ತೆ ದಾಟಬೇಕಾದ್ರೆ ಏಣಿ ಹತ್ತಿ, ದಾಟಿ, ಮತ್ತೆ ಏಣಿ ಇಳೀಬೇಕು. ಉದ್ದ ಲಂಗದ ಹೆಂಗಸರು, ಕೈತುಂಬ ಸಾಮಾನು ಹಿಡಿದವರು ಏನು ಮಾಡಿರಬೇಕು? ಕುಡಿದು ಮೇಲಿಂದ ಬಿದ್ದವರ ಕಥೆಗಳಿಗೆ ನಮ್ಮ ಗುಂಪು ನಕ್ಕಿತು, ನನಗೆ ಅಷ್ಟು ನಗು ಬರಲಿಲ್ಲ.

ಕೊನೆಗೆ ತಡೆಗೋಡೆಯಿಂದ ಕಟ್ಟಡದವರೆಗೆ ಇಟ್ಟಿಗೆ ಕಮಾನು ಕಟ್ಟಿ ಮೇಲೆ ಹೊಸ ಫುಟ್‌ಪಾತ್ ಹಾಕಿದರು. ನೆಲಮಾಳಿಗೆ ಹುಟ್ಟಿದ್ದು ಹೀಗೆ. ಯಾರೂ ಅದನ್ನು ಅಗೆಯಲಿಲ್ಲ, ಮೇಲೆ ಮುಚ್ಚಿದರು ಅಷ್ಟೇ. ಇದನ್ನು ಮೊದಲೇ ಊಹಿಸಿದ್ದ ಕೆಲ ಮಾಲೀಕರು ಎರಡನೇ ಅಂತಸ್ತಿಗೂ ಮುಂಬಾಗಿಲಿನಂಥ ಅಲಂಕಾರ ಮಾಡಿಸಿದ್ದರು. ಜಾಣರು.

ಒಳಗೆ ನಡೆಯುವಾಗ ತಲೆಯ ಮೇಲೆ ನೇರಳೆ ಬಣ್ಣದ ಬೆಳಕು ಕಂಡೆ. ಫುಟ್‌ಪಾತ್‌ನಲ್ಲಿ ಕೂರಿಸಿದ ಗಾಜಿನ ಪ್ರಿಸಂಗಳು. ಸೂರ್ಯನ ಬೆಳಕನ್ನು ಬಗ್ಗಿಸಿ ಒಳಗೆ ಹರಡೋಕೆ. ಹಾಕಿದಾಗ ಅವು ಬಣ್ಣವಿಲ್ಲದ ಗಾಜು. ಕಬ್ಬಿಣದ ಅಂಶ ಗಾಜಿಗೆ ಹಸಿರು ಛಾಯೆ ಕೊಡುತ್ತೆ ಅಂತ ಮ್ಯಾಂಗನೀಸ್ ಸೇರಿಸುತ್ತಿದ್ದರು. ದಶಕಗಳ ಕಾಲ ಅತಿನೇರಳೆ ಕಿರಣ ಬಿದ್ದು ಆ ಮ್ಯಾಂಗನೀಸ್ ಆಕ್ಸಿಡೈಸ್ ಆಗಿ ಈ ಬಣ್ಣ ಬಂದಿದೆ. ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಇಷ್ಟು ಚೆಂದ ಯಾವುದೂ ಕಂಡಿರಲಿಲ್ಲ.

1907ರಲ್ಲಿ ಪ್ಲೇಗ್ ಭಯದಿಂದ ನೆಲದಡಿಯನ್ನು ಮುಚ್ಚಲಾಯಿತು. ಮತ್ತೆ ಜನರನ್ನು ಕರೆತಂದವರು ಪತ್ರಕರ್ತ ಬಿಲ್ ಸ್ಪೈಡಲ್. 1965ರಲ್ಲಿ ಪ್ರವಾಸ ಆರಂಭಿಸಿ, ಹಳೇ ಕಟ್ಟಡಗಳನ್ನು ಕೆಡವಬಾರದೆಂದು ಬೆಂಬಲ ಕೂಡಿಸಿದರು. 1970ರಲ್ಲಿ ಪಯೊನೀರ್ ಸ್ಕ್ವೇರ್‌ಗೆ ಸಂರಕ್ಷಿತ ಪ್ರದೇಶದ ಮಾನ್ಯತೆ ಬಂತು.

ಆ ಕಮಾನುಗಳಿಗೆ ಈಗ ನೂರು ವರ್ಷ ದಾಟಿದೆ, ಊರು ಭೂಕಂಪ ವಲಯದಲ್ಲಿದೆ. 2001ರ ಫೆಬ್ರುವರಿ 28ರ 6.8 ತೀವ್ರತೆಯ ಭೂಕಂಪದಲ್ಲಿ ಈ ಬಡಾವಣೆಯ ಇಟ್ಟಿಗೆ ಕಟ್ಟಡಗಳಿಗೆ ಹಾನಿಯಾಯ್ತು. ಮೇಲೆ ಬಂದ ಮೇಲೆ ಅಕ್ಕ ಕಾಫಿಗೆ ಕರೆದಳು. ನಾನು ಮಾತ್ರ ನೇರಳೆ ಗಾಜನ್ನು ತುಳಿಯದ ಹಾಗೆ, ಅಂಚಲ್ಲೇ ನಡೆದೆ.