ಕಾಲುಬಾಯಿ ಜ್ವರ ಮತ್ತು ಚರ್ಮಗಂಟು ರೋಗ: ಜ್ವರವಿಳಿದ ತರುವಾಯ ದನಗಳ ಕಾಲು, ಚರ್ಮಗಳ ಆರೈಕೆ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ರೈತರಿಗೆ ಕಾಲುಬಾಯಿ ಜ್ವರವು ಹೊಸ ಹೆಸರಲ್ಲ. ಆದರೆ ಈ ರೋಗದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯು ಬಹುಕಾಲದಿಂದ ಬೇರೂರಿದೆ. ಎತ್ತು ಜೊಲ್ಲು ಸುರಿಸುವುದನ್ನು ನಿಲ್ಲಿಸಿ ಮೇವಿಗೆ ಬಾಯಿಡತೊಡಗಿದೊಡನೆ ರೋಗವು ಕಳೆಯಿತೆಂದು ಭಾವಿಸಿ ಅದರ ಹೆಗಲಿಗೆ ನೊಗವನ್ನೇರಿಸುವರು. ಬೆಳೆದ ದನಗಳಲ್ಲಿ ಜ್ವರದಿಂದಲೇ ಸಾಯುವುವು ಸಾಮಾನ್ಯವಾಗಿ ನೂರಕ್ಕೆ ಕೆಲವು ಮಾತ್ರ. ಉಳಿದವುಗಳಲ್ಲಿ ಅನೇಕವು ಕೆಡುವುದು ಜ್ವರ ಬಿಟ್ಟ ಮೇಲೆ, ಗೊರಸಿನ ಹುಣ್ಣು ಕೊಳೆತು, ಹುಳು ಬಿದ್ದು, ಕಾಲು ಕುಂಟಾಗಿ. ಟ್ರ್ಯಾಕ್ಟರುಗಳು ಬಂದಿದ್ದರೂ ಆಲೂಗೆಡ್ಡೆಯ ಸಾಲಿಗೆ ಮಣ್ಣೇರಿಸಲು, ರಾಗಿಯ ಹೊಲದಲ್ಲಿ ಕುಂಟೆ ಹೊಡೆಯಲು ಎತ್ತುಗಳನ್ನೇ ನೆಚ್ಚಿದ ಸಣ್ಣ ಹಿಡುವಳಿಯ ರೈತರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಅಂಥವರಿಗೆ ಒಂದು ಎತ್ತು ಕುಂಟಾದರೆ ಜೋಡಿಯೇ ಹೋದಂತೆ.

ಈ ಜ್ವರಕ್ಕೆ ಕಾರಣವಾದುದು ಕಣ್ಣಿಗೆ ಕಾಣದ ಒಂದು ವೈರಾಣು. 1898ರಲ್ಲಿ ಜರ್ಮನಿಯ ಲಫ್ಲರ್ ಮತ್ತು ಫ್ರಾಷ್ ಎಂಬ ವಿದ್ವಾಂಸರು ಇದನ್ನು ತೋರಿಸಿಕೊಟ್ಟರು. ಪ್ರಾಣಿಗಳ ರೋಗವೊಂದಕ್ಕೆ ವೈರಾಣುವೇ ಕಾರಣವೆಂದು ಗೊತ್ತಾದುದು ಅದೇ ಮೊದಲು. ಸೀಳುಗೊರಸಿನ ಪ್ರಾಣಿಗಳಾದ ದನ, ಎಮ್ಮೆ, ಕುರಿ, ಮೇಕೆ, ಹಂದಿಗಳಿಗೆಲ್ಲ ಇದು ತಗಲುವುದು, ಕುದುರೆಗೆ ತಗಲದು. ಸೋಂಕಿದ ಎರಡರಿಂದ ಹದಿನಾಲ್ಕು ದಿನಗಳೊಳಗೆ 104ರಿಂದ 106 ಡಿಗ್ರಿ ಫ್ಯಾರನ್‌ಹೀಟಿನವರೆಗೆ ಜ್ವರವೇರಿ, ನಾಲಗೆ, ವಸಡು, ಮೊಲೆತೊಟ್ಟು, ಗೊರಸಿನ ಸಂದು ಮತ್ತು ಗೊರಸಿನ ಮೇಲಂಚುಗಳಲ್ಲಿ ನೀರುಗುಳ್ಳೆಗಳೇಳುವುವು. ಅವು ಒಡೆದು ಹಸಿಹುಣ್ಣಾಗುವುವು. ಬಾಯಿಯ ಹುಣ್ಣು ಬೇಗನೆ ಮಾಯುವುದು. ಗೊರಸಿನ ಹುಣ್ಣು ಹಾಗಲ್ಲ. ಅದು ಸದಾ ಗಂಜಲ, ಸಗಣಿ, ಕೆಸರುಗಳಲ್ಲಿ ನೆನೆಯುತ್ತಿರುವುದು. ಹೊಳೆನರಸೀಪುರದ ಕಡೆಯ ನಾಲೆಯ ಬಯಲಿನ ಗದ್ದೆಗಳಲ್ಲಿ ಈ ಅಪಾಯವು ಹೆಚ್ಚು.

ಎಳೆಗರುಗಳ ವಿಷಯವೇ ಬೇರೆ. ಅವುಗಳಲ್ಲಿ ವೈರಾಣುವು ಹೃದಯದ ಸ್ನಾಯುವನ್ನೇ ಹಿಡಿಯುವುದುಂಟು. ಬಾಯಲ್ಲಿ ಒಂದು ಗುಳ್ಳೆಯೂ ಕಾಣದೆ ಕರುವು ಇದ್ದಕ್ಕಿದ್ದಂತೆ ಬಿದ್ದು ಸಾಯಬಹುದು. ಆದಕಾರಣ ರೋಗದ ಹಸುವಿನ ಕರುವನ್ನು ಬೇರೆ ಕಟ್ಟಿ, ಕಾಯಿಸಿ ಆರಿಸಿದ ಹಾಲನ್ನು ಕುಡಿಸತಕ್ಕದ್ದು.

ವೈರಾಣುವನ್ನು ಕೊಲ್ಲುವ ಔಷಧವು ಇಲ್ಲ. ಮಾಡತಕ್ಕದ್ದೆಲ್ಲ ಹುಣ್ಣಿನ ಶುಶ್ರೂಷೆ. ಬಾಯಿಯನ್ನು ದಿನಕ್ಕೆರಡು ಬಾರಿ, ಒಂದು ಲೀಟರು ನೀರಿಗೆ 20 ಗ್ರಾಂ ಪಟಿಕವನ್ನು ಕರಗಿಸಿ ತೊಳೆದು, ಜೇನುತುಪ್ಪದಲ್ಲಿ ರಾಗಿಹಿಟ್ಟನ್ನು ಕಲಸಿ ಸವರಬೇಕು. ಗಟ್ಟಿ ಹುಲ್ಲನ್ನು ಬಿಟ್ಟು ರಾಗಿಯ ಅಂಬಲಿ, ಗಂಜಿ, ಎಳೆಯ ಹಸಿರುಮೇವನ್ನು ಕೊಡಬೇಕು.

ಕಾಲಿಗೆ ಹೆಚ್ಚಿನ ಶ್ರಮವು ಬೇಕು. ಮೊದಲು ದನವನ್ನು ಒಣನೆಲಕ್ಕೆ ತರತಕ್ಕದ್ದು. ಕೊಟ್ಟಿಗೆಯ ನೆಲ ಒದ್ದೆಯಾಗಿದ್ದರೆ ಒಣಹುಲ್ಲು ಹಾಸಿ ದಿನವೂ ಬದಲಾಯಿಸಬೇಕು. ಗೊರಸಿನ ಸಂದಿನ ಕೆಸರನ್ನು ಮೆತ್ತನೆಯ ಬಟ್ಟೆಯಿಂದ ತೆಗೆದು, ಲೀಟರು ನೀರಿಗೆ 10 ಗ್ರಾಂ ಮೈಲುತುತ್ತವನ್ನು ಕರಗಿಸಿ ಬೆಳಿಗ್ಗೆ ಸಂಜೆ ತೊಳೆಯಬೇಕು. ಈ ನೀರು ವಿಷ. ದನಕುರಿಗಳು ಕುಡಿಯದಂತೆ ನೋಡಿಕೊಂಡು, ಮಿಕ್ಕುದನ್ನು ಕೆರೆ ನಾಲೆಗಳಿಗೆ ಸೇರದಂತೆ ಗುಂಡಿಯಲ್ಲಿ ಸುರಿಯತಕ್ಕದ್ದು. ತೊಳೆದು ಒಣಗಿಸಿದ ಮೇಲೆ ಹಚ್ಚಲು ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯು ತಿಳಿಸಿರುವ ಎಣ್ಣೆಯೊಂದುಂಟು. ಕುಪ್ಪಿಗಿಡ, ಬೇವು, ತುಳಸಿ, ಗೋರಂಟಿ ಸೊಪ್ಪುಗಳು ಒಂದೊಂದು ಹಿಡಿ, ಬೆಳ್ಳುಳ್ಳಿ 10 ಎಸಳು, ಅರಿಶಿನ 20 ಗ್ರಾಂ, ಇವುಗಳನ್ನು ಅರೆದು ಅರ್ಧ ಲೀಟರು ಕೊಬ್ಬರಿ ಅಥವಾ ಎಳ್ಳೆಣ್ಣೆಯಲ್ಲಿ ಕುದಿಸಿ ಆರಿಸಿಟ್ಟುಕೊಳ್ಳುವುದು. ಇವೆಲ್ಲ ಹಿತ್ತಲಿನಲ್ಲಿಯೇ ದೊರೆಯುವ ಪದಾರ್ಥಗಳಾದುದರಿಂದ ಖರ್ಚಿನ ನೆಪವಿಲ್ಲ.

ನೊಣವು ಹುಣ್ಣಿನಲ್ಲಿ ಮೊಟ್ಟೆಯಿಟ್ಟ ಸುಮಾರು ಒಂದು ದಿನದೊಳಗೆ ಹುಳುಗಳು ಹೊರಬಂದು ಮಾಂಸವನ್ನು ಕೊರೆಯುವುವು. ಎತ್ತು ಕಾಲನ್ನು ಮತ್ತೆ ಮತ್ತೆ ಝಾಡಿಸುತ್ತಿದ್ದರೆ, ಹುಣ್ಣಿನಿಂದ ದುರ್ವಾಸನೆ ಬರುತ್ತಿದ್ದರೆ ಹುಳು ಬಿದ್ದಿದೆಯೆಂದೇ ತಿಳಿಯಬೇಕು. ಕರ್ಪೂರ ಬೆರೆಸಿದ ಕೊಬ್ಬರಿಎಣ್ಣೆಯನ್ನಾಗಲಿ ಸೀತಾಫಲದ ಎಲೆಯನ್ನರೆದಾಗಲಿ ಹಾಕಿ, ಹೊರಬಂದ ಹುಳುಗಳನ್ನು ಚಿಮುಟದಿಂದ ತೆಗೆದು ಸುಡತಕ್ಕದ್ದು. ಗೊರಸಿನ ಮೇಲಂಚು ಬಿರಿದು ಕೀವು ಬಂದರೆ ಮನೆಮದ್ದು ಸಾಲದು, ಪಶುವೈದ್ಯರನ್ನು ಕರೆಯಿಸಬೇಕು. 1962ಕ್ಕೆ ದೂರವಾಣಿ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನವು ದೊರೆಯುತ್ತದೆ. ಗ್ರಾಮದೇವತೆಗೆ ಹರಕೆ ಹೊರುವುದನ್ನು ಯಾರೂ ಬೇಡವೆನ್ನುವುದಿಲ್ಲ. ಆದರೆ ಹುಣ್ಣಾದ ಕಾಲಿಗೆ ಬರೆ ಹಾಕುವುದು, ಕೆಸರಿನಲ್ಲಿ ನಿಲ್ಲಿಸುವುದು, ಇವೆರಡನ್ನೂ ಬಿಡತಕ್ಕದ್ದು.

ಎತ್ತನ್ನು ಯಾವಾಗ ಕಟ್ಟಬಹುದೆಂಬುದಕ್ಕೆ ಗೊರಸೇ ಉತ್ತರ ಹೇಳುವುದು. ಗೊರಸು ತಿಂಗಳಿಗೆ ಸುಮಾರು ಅರ್ಧ ಸೆಂಟಿಮೀಟರಿನಷ್ಟು ಮಾತ್ರ ಬೆಳೆಯುತ್ತದೆ. ಮೇಲಂಚಿನಲ್ಲಿ ಬಿರುಕು ಬಿಟ್ಟಿದ್ದರೆ ಅದು ನೆಲಮುಟ್ಟ ಇಳಿದು ಹೋಗಲು ಅನೇಕ ತಿಂಗಳುಗಳೇ ಬೇಕು. ಹುಣ್ಣು ಪೂರ್ಣವಾಗಿ ಮಾಯ್ದು, ಎತ್ತು ಗಟ್ಟಿನೆಲದ ಮೇಲೆ ಕುಂಟದೆ ನಡೆಯುವವರೆಗೆ ನೊಗ ಕೂಡದು, ಲಾಳವಂತೂ ಕೂಡದು. ಬಿತ್ತನೆಯ ಹದ ತಪ್ಪುವುದೆಂಬ ಆತುರವು ಸಹಜವೇ. ಆದರೂ ಒಂದು ವಾರ ಬಾಡಿಗೆಯ ಎತ್ತಿಗೆ ಕೊಡುವ ಹಣವು, ಗೊರಸು ಕಳಚಿದ ಎತ್ತಿನ ಬೆಲೆಗಿಂತ ಬಹಳ ಕಡಮೆ. ಇನ್ನು ಕೆಲವು ದನಗಳು, ವಿಶೇಷವಾಗಿ ಮಿಶ್ರತಳಿಯ ಹಸುಗಳು, ವಾಸಿಯಾದ ಮೇಲೂ ಬಿಸಿಲು ತಾಳದೆ ಏದುತ್ತ, ಮೈಕೂದಲು ಬೆಳೆಸಿಕೊಂಡು ತಿಂಗಳುಗಟ್ಟಲೆ ನಿಸ್ತೇಜವಾಗಿರುವುವು. ಅವುಗಳಿಗೆ ನೆರಳು, ತಣ್ಣೀರು ಅವಶ್ಯ.

ಚರ್ಮಗಂಟು ರೋಗವು ಈ ದೇಶಕ್ಕೆ ಹೊಸತು. 1929ರಲ್ಲಿ ಆಫ್ರಿಕದ ಜಾಂಬಿಯದಲ್ಲಿ ಮೊದಲು ಗುರುತಿಸಲ್ಪಟ್ಟ ಇದು 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡಿತು. 2022ರಲ್ಲಿ ಕರ್ನಾಟಕದಲ್ಲಿ ಪ್ರಬಲವಾಗಿ ಹರಡಿದಾಗ ದನದ ಸಂತೆ, ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತು. ಇದರ ವೈರಾಣು ಕುರಿ ಮೇಕೆಗಳ ಸಿಡುಬಿನ ವೈರಾಣುವಿನ ಹತ್ತಿರದ ನಂಟ. ಹರಡುವುದು ಮುಖ್ಯವಾಗಿ ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ. ಮೈಮೇಲೆಲ್ಲ ಗಟ್ಟಿ ಗಂಟುಗಳೇಳುವುದಲ್ಲದೆ ಕಾಲು ಮತ್ತು ಗಂಗೆದೊಗಲುಗಳಲ್ಲಿ ನೀರು ತುಂಬಿ ಊದಿಕೊಳ್ಳುವುದು. ಗಂಟಿನ ನಡುವಣ ಸತ್ತ ಚರ್ಮವು ಬಿರಡೆಯಂತೆ ಕಳಚಿ ಬಿದ್ದು ಕುಳಿಯಾಗುವುದು. ಅದನ್ನು ಹಿಸುಕಿ ಕೀಳಕೂಡದು. ಶುಶ್ರೂಷೆಯು ಮೇಲೆ ಹೇಳಿದ ಎಣ್ಣೆಯೇ; ಸಂಜೆ ಕೊಟ್ಟಿಗೆಯಲ್ಲಿ ಬೇವಿನ ಹೊಗೆ ಹಾಕುವುದೂ ಉಪಯುಕ್ತ. ಚರ್ಮಗಂಟು ಮನುಷ್ಯರಿಗೆ ಅಂಟುವುದಿಲ್ಲ. ಹಾಲನ್ನು ಕಾಯಿಸಿ ಕುಡಿಯಬಹುದು.

ಹಿಂದೆ ಮಂದೆಗಳನ್ನೇ ಬರಿದು ಮಾಡುತ್ತಿದ್ದ ದೊಡ್ಡರೋಗವು ಲಸಿಕೆಯ ಬಲದಿಂದ ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಲಾಯಿತು. ಕಾಲುಬಾಯಿ ಜ್ವರವು ಅಷ್ಟು ಸುಲಭವಾಗಿ ಮಣಿಯದು. ಅದರ ವೈರಾಣುವಿನಲ್ಲಿ ಹಲವು ಬಗೆಗಳಿದ್ದು, ಲಸಿಕೆಯ ಬಲವು ಕೆಲವು ತಿಂಗಳುಗಳಲ್ಲಿ ಕುಗ್ಗುವುದು. 2013ರಲ್ಲಿ ದಕ್ಷಿಣದ ಜಿಲ್ಲೆಗಳಲ್ಲಿ ಈ ರೋಗದಿಂದ ಸಾವಿರಾರು ದನಗಳು ಸತ್ತುದನ್ನು ರೈತರು ಮರೆತಿರಲಾರರು. ಕರುವಿಗೆ ನಾಲ್ಕು ತಿಂಗಳಾದಾಗ ಮೊದಲ ಲಸಿಕೆ, ಒಂದು ತಿಂಗಳಿಗೆ ಎರಡನೆಯದು, ಅಲ್ಲಿಂದ ಮುಂದೆ ಆರು ತಿಂಗಳಿಗೊಮ್ಮೆ ಹಾಕಿಸತಕ್ಕದ್ದು. ಚರ್ಮಗಂಟಿಗೆ ವರ್ಷಕ್ಕೊಮ್ಮೆ ಬೇರೆ ಲಸಿಕೆಯುಂಟು. ರಾಮನಾಥಪುರದ ಷಷ್ಠಿಯ ಜಾತ್ರೆಗಾಗಲಿ ಸಂಕ್ರಾಂತಿಯ ಕಾಲದ ಬೂಕನಬೆಟ್ಟದ ಜಾತ್ರೆಗಾಗಲಿ ದನಗಳನ್ನು ಹೊಡೆದುಕೊಂಡು ಹೋಗುವವರು ಮೂರು ವಾರ ಮುಂಚಿತವಾಗಿಯೇ ಲಸಿಕೆ ಹಾಕಿಸಿರಬೇಕು. ಅಲ್ಲಿ ಕೊಂಡುತಂದ ದನವನ್ನು ಮೂರು ವಾರ ಬೇರೆ ಕಟ್ಟಿ, ಅದರ ಗೋದಲಿ, ಹಗ್ಗ, ನೀರಿನ ಬಾನಿಗಳನ್ನು ಮನೆಯ ದನಗಳಿಗೆ ಬಳಸಕೂಡದು. ಕೊಟ್ಟಿಗೆಯ ನೆಲವನ್ನು ಲೀಟರಿಗೆ 40 ಗ್ರಾಂ ಬಟ್ಟೆಸೋಡ ಬೆರೆಸಿದ ನೀರಿನಿಂದ ತೊಳೆಯತಕ್ಕದ್ದು.