ಮಿಶ್ರ ಕಲಿಕೆ ಮತ್ತು ವಿದ್ಯಾರ್ಥಿಯ ದನಿ: ಹಳಗನ್ನಡ ತರಗತಿಯ ಹಿನ್ನೆಲೆಯಲ್ಲಿ

ವಿಶ್ವವಿದ್ಯಾಲಯ ಅನುದಾನ ಆಯೋಗವು 2021ರ ಮೇ ತಿಂಗಳಲ್ಲಿ ಹೊರತಂದ ಮಿಶ್ರ ಕಲಿಕೆಯ ಪರಿಕಲ್ಪನಾ ಟಿಪ್ಪಣಿಯು, ಒಂದು ಪಠ್ಯದ ಶೇ. 40ರವರೆಗಿನ ಬೋಧನೆ ಆನ್‌ಲೈನ್‌ನಲ್ಲಿಯೂ ಉಳಿದುದು ಮುಖಾಮುಖಿಯಾಗಿಯೂ ನಡೆಯಬಹುದೆಂದು ಸೂಚಿಸಿತು. ಆದರೆ ಯಾವ ಭಾಗಕ್ಕೆ ಯಾವ ಕೆಲಸ ಎಂಬುದನ್ನು ಆಯಾ ವಿಷಯದ ಅಧ್ಯಾಪಕರೇ ನಿರ್ಧರಿಸಬೇಕು. ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಹಳಗನ್ನಡ ಬೋಧನೆಯ ನೆಲೆಯಿಂದ ಪರಿಶೀಲಿಸುತ್ತದೆ.

ವಿದ್ಯಾರ್ಥಿಯ ತೊಡಗುವಿಕೆಯನ್ನು ಫ್ರೆಡ್ರಿಕ್ಸ್, ಬ್ಲೂಮೆನ್‌ಫೆಲ್ಡ್ ಮತ್ತು ಪ್ಯಾರಿಸ್ ಅವರು 2004ರಲ್ಲಿ ವರ್ತನೆ, ಭಾವ, ಚಿಂತನೆ ಎಂಬ ಮೂರು ನೆಲೆಗಳಲ್ಲಿ ಗುರುತಿಸಿದರು. ಆನ್‌ಲೈನ್ ಹಾಜರಿಯು ಮೊದಲನೆಯದರ ಒಂದು ಅಂಶವನ್ನಷ್ಟೇ ಅಳೆಯುತ್ತದೆ. ಪರದೆಯ ಮೇಲೆ ಹೆಸರಿದ್ದ ಮಾತ್ರಕ್ಕೆ ಓದು ನಡೆದಿದೆ ಎನ್ನಲಾಗದು. ದನಿ ಕೇಳಿಸದ ಮಾತ್ರಕ್ಕೆ ಆಸಕ್ತಿ ಇಲ್ಲವೆನ್ನಲೂ ಆಗದು.

ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡ ಆಳಂದ ತಾಲ್ಲೂಕಿನ ಸರಸಂಬಾದಂತಹ ಊರಿನಿಂದ ಬಂದ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳೋಣ. ಇದೇ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣವಿದೆ; ದೂರವೊಂದೇ ತೊಡಕಲ್ಲ. ಮರಾಠಿ, ಉರ್ದುಗಳ ಒಡನಾಟದಲ್ಲಿ ಬೆಳೆದ ತನ್ನ ನುಡಿ ಗ್ರಾಂಥಿಕ ಕನ್ನಡದ ಮುಂದೆ ಕೀಳೆಂಬ ಅಳುಕು ಅವನನ್ನು ತರಗತಿಯಲ್ಲೂ ಮೌನಿಯಾಗಿಸಬಲ್ಲದು. ಆನ್‌ಲೈನ್‌ನಲ್ಲಿ ಆ ಮೌನಕ್ಕೆ ಒಂದು ಗುಂಡಿ ಒತ್ತಿದರೆ ಸಾಕು.

ಹಳಗನ್ನಡಕ್ಕೆ ಈ ಮೌನ ದುಬಾರಿಯಾದುದು. ಕಂದಪದ್ಯದಲ್ಲಿ ಪದವೊಂದು ಸಾಲಿನ ಕೊನೆಯನ್ನು ದಾಟಿ ಮುಂದಿನ ಸಾಲಿಗೆ ಹರಿಯುವುದುಂಟು. ಅರ್ಥವರಿಯದವನು ಸಾಲು ಮುಗಿದಲ್ಲಿ ನಿಲ್ಲುತ್ತಾನೆ. ಅರಿತವನು ಪದ ಮುಗಿದಲ್ಲಿ ನಿಲ್ಲುತ್ತಾನೆ. ಪದಚ್ಛೇದ, ಅನ್ವಯಗಳ ತಿಳಿವು ವಾಚನದಲ್ಲಿಯೇ ಕಿವಿಗೆ ಗೋಚರಿಸುತ್ತದೆ. ಆದುದರಿಂದ ಇಲ್ಲಿ ತೊಡಗುವಿಕೆಯ ವಿಶ್ವಾಸಾರ್ಹ ಕುರುಹು ವಿದ್ಯಾರ್ಥಿಯ ದನಿಯೇ.

ಈ ಹಿನ್ನೆಲೆಯಲ್ಲಿ ಹಂಚಿಕೆ ಹೀಗಿರಬಹುದು. ಕವಿ-ಕಾಲ ವಿಚಾರ, ಛಂದಸ್ಸಿನ ಲಕ್ಷಣ, ಅಧ್ಯಾಪಕರ ಮಾದರಿ ವಾಚನ ಇವು ಮುದ್ರಿತ ರೂಪದಲ್ಲಿ ಆನ್‌ಲೈನ್ ಭಾಗಕ್ಕೆ ಸೇರಲಿ. ವಿದ್ಯಾರ್ಥಿಯು ಒಂದೆರಡು ಪದ್ಯಗಳನ್ನು ತಾನೇ ಓದಿ ಧ್ವನಿಮುದ್ರಿಸಿ, ಸಂಪರ್ಕ ದೊರೆತಾಗ ಕಳುಹಿಸಲಿ. ನೇರ ದೃಶ್ಯಪ್ರಸಾರಕ್ಕಿಂತ ಇದಕ್ಕೆ ಕಡಿಮೆ ಡೇಟಾ ಸಾಕು; ತಪ್ಪಿದರೆ ಮತ್ತೆ ಓದಿಕೊಳ್ಳುವ ಅವಕಾಶವೂ ಉಂಟು. ಸ್ವಂತ ಫೋನಿಲ್ಲದವರು ಅಧ್ಯಾಪಕರೆದುರೇ ಓದಬಹುದು. ಮುಖಾಮುಖಿ ಅವಧಿಯು ಉಪನ್ಯಾಸದ ಪುನರಾವರ್ತನೆಯಾಗದೆ, ಆ ವಾಚನಗಳಲ್ಲಿ ಕಂಡ ಅರ್ಥಭೇದಗಳ ಚರ್ಚೆಗೆ ಮೀಸಲಾಗಲಿ. ಓದಿದವರ ಹೆಸರನ್ನಾಗಲಿ ಉಚ್ಚಾರವನ್ನಾಗಲಿ ಚರ್ಚೆಗೆ ತರಬೇಕಾಗಿಲ್ಲ.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ಪ್ರಾದೇಶಿಕ ಭೇದಗಳನ್ನು ಗಮನಿಸಿದುದಲ್ಲದೆ, ಉದ್ದೇಶಪೂರ್ವಕವಾಗಿ ಓದದವರಲ್ಲಿಯೂ ಕಾವ್ಯಪರಿಣತಿ ಇರುವುದನ್ನು ಮೆಚ್ಚಿತು. ಅದು ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ಇದೇ ಕಲಬುರಗಿ ಜಿಲ್ಲೆಯಲ್ಲಿದೆ. ಆ ನೆಲದ ವಿದ್ಯಾರ್ಥಿಯೇ ತನ್ನ ನುಡಿಗೆ ಅಂಜಿ ದನಿಯಡಗಿಸಿದರೆ, ಹಾಜರಿ ಪಟ್ಟಿ ತುಂಬಿದ್ದರೂ ಕನ್ನಡ ತರಗತಿ ಬರಿದಾಗಿಯೇ ಉಳಿಯುತ್ತದೆ.