ಚಿನ್ನದ ದೊರೆಯೂ ಪತ್ತೇದಾರನೂ

ಪತ್ತೇದಾರಿ ಕಥೆಗಳಲ್ಲಿ ಸಿರಿವಂತನಿಗೆ ಬಹುಮಟ್ಟಿಗೆ ಒಂದೇ ಕೆಲಸ: ಮೊದಲನೆಯ ಅಧ್ಯಾಯದಲ್ಲಿಯೇ ಸಾಯುವುದು. ಆಮೇಲೆ ಉಯಿಲು, ತಿಜೋರಿ, ವಾರಸುದಾರರ ಜಗಳ. ಹಣ ಎಲ್ಲಿಂದ ಬಂತೆಂದು ಯಾರೂ ವಿಚಾರಿಸುವುದಿಲ್ಲ. ನಾನು ಓದಿದವುಗಳಲ್ಲಿ ಆ ಪ್ರಶ್ನೆಯನ್ನು ಎತ್ತಿದ ಕಥೆಯೆಂದರೆ, ಆರ್ಥರ್ ಕಾನನ್ ಡಾಯ್ಲನು 1922ರಲ್ಲಿ ‘ಸ್ಟ್ರ್ಯಾಂಡ್’ ಮಾಸಿಕದಲ್ಲಿ ಪ್ರಕಟಿಸಿದ ಥಾರ್ ಸೇತುವೆಯ ಕಥೆ.

ನೀಲ್ ಗಿಬ್ಸನ್ ಅಮೆರಿಕದ ಮಾಜಿ ಸೆನೆಟರ್, ಚಿನ್ನದ ಗಣಿಗಳ ಒಡೆಯ. ಇಂಗ್ಲೆಂಡಿನಲ್ಲಿ ದೊಡ್ಡ ಜಮೀನು ಕೊಂಡು ನೆಲೆಸಿದವನು. ಬ್ರೆಜಿಲಿನವಳಾದ ಅವನ ಹೆಂಡತಿ ಸೇತುವೆಯ ಮೇಲೆ ಗುಂಡು ತಾಗಿ ಸತ್ತಿದ್ದಾಳೆ. ಮನೆಪಾಠದ ಶಿಕ್ಷಕಿ ಗ್ರೇಸ್ ಡನ್‌ಬಾರ್ ಕೊಲೆಯ ಆರೋಪದ ಮೇಲೆ ಸೆರೆಯಲ್ಲಿದ್ದಾಳೆ. ಅವಳನ್ನು ಬಿಡಿಸಲು ಗಿಬ್ಸನ್ ಎಷ್ಟು ಹಣಕ್ಕೂ ಸಿದ್ಧ. ಷರ್ಲಾಕ್ ಹೋಮ್ಸನಾದರೋ ತನ್ನ ಸಂಭಾವನೆ ಎಲ್ಲರಿಗೂ ಒಂದೇ ಎಂದುಬಿಡುತ್ತಾನೆ. ರಹಸ್ಯವನ್ನು ಬಿಚ್ಚಿ ಓದುವವರ ಸುಖ ಕೆಡಿಸಲಾರೆ. ಸೇತುವೆಯ ಕಲ್ಲಿನಲ್ಲಿ ಹೊಸದಾಗಿ ಎದ್ದ ಒಂದು ಚಕ್ಕೆಯನ್ನು ಮಾತ್ರ ಗಮನದಲ್ಲಿಡಬೇಕು.

ನನಗೆ ಮುಖ್ಯವಾದದ್ದು ಶಿಕ್ಷಕಿಯ ನಿಲುವು. ಗಿಬ್ಸನ್ ತನ್ನ ಮೇಲೆ ಕಣ್ಣಿಟ್ಟದ್ದು ತಿಳಿದಾಗ ಅವಳು ಮನೆ ಬಿಡಲು ಹೊರಟಳು, ಆದರೂ ನಿಂತಳು. ಅವಳ ಸಂಬಳವನ್ನು ನಂಬಿದವರಿದ್ದರು. ಅಲ್ಲದೆ, ತನ್ನ ಮಾತಿಗೆ ಈ ಮನುಷ್ಯ ಕಿವಿಗೊಡುತ್ತಾನೆ, ಒಬ್ಬನ ಐಶ್ವರ್ಯಕ್ಕಾಗಿ ಸಾವಿರಾರು ಜನ ಹಾಳಾಗುವುದನ್ನು ತಡೆಯಬಹುದು ಎಂದು ಅವಳು ನಂಬಿದ್ದಳು. ಸ್ವಾರಸ್ಯವೆಂದರೆ, ಇದನ್ನು ಹೋಮ್ಸನಿಗೆ ತಿಳಿಸುವವನು ಗಿಬ್ಸನ್ನನೇ!

ನಮ್ಮ ನಾಡಿಗೂ ಈ ಮಾತು ಸಲ್ಲುತ್ತದೆ. 1880ರ ದಶಕದಿಂದ ಜಾನ್ ಟೇಲರ್ ಸಂಸ್ಥೆಯವರು ಕೋಲಾರದಲ್ಲಿ ಗಣಿ ನಡೆಸಿದರು. ಲಾಭ ಲಂಡನ್ನಿನ ಪಾಲುದಾರರಿಗೆ. ಕೊನೆಕೊನೆಗೆ ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದವರು ಇಲ್ಲಿಯ ಕಾರ್ಮಿಕರು. 1956ರಲ್ಲಿ ಗಣಿಗಳು ಸರಕಾರದ ಕೈಗೆ ಬಂದವು, 2001ರಲ್ಲಿ ಮುಚ್ಚಿದವು. ನಮ್ಮ ಭಾಗದ ಹಟ್ಟಿಯಲ್ಲಿ ಈಗಲೂ ಚಿನ್ನ ತೆಗೆಯುತ್ತಾರೆ. ಮಟಕಿಯಲ್ಲಿ ನಮ್ಮ ಅವ್ವನ ಕೊರಳ ಬೋರಮಾಳದ ಚಿನ್ನ ಯಾವ ಗಣಿಯದೆಂದು ನಾವೂ ಕೇಳಿದವರಲ್ಲ.

ಈ ಕಥೆ ಪರದೆಗೆ ಹಲವು ಸಲ ಬಂದಿದೆ. 1923ರದು ಮೂಕಚಿತ್ರ. 1968ರಲ್ಲಿ ಬಿ.ಬಿ.ಸಿ.ಗಾಗಿ ಪೀಟರ್ ಕುಷಿಂಗ್ ಹೋಮ್ಸನಾದ ಕಂತಿನ ಪ್ರತಿ ಉಳಿದಿಲ್ಲ. 1991ರ ಗ್ರನಾಡಾ ಟೆಲಿವಿಷನ್ನಿನ ಕಂತಿನಲ್ಲಿ ಜೆರೆಮಿ ಬ್ರೆಟ್ ಹೋಮ್ಸ್, ಡೇನಿಯಲ್ ಮ್ಯಾಸಿ ಗಿಬ್ಸನ್. ಕೀಳು ಉದ್ದೇಶಗಳಿಗೆ ತಿರುಗಿದ ಅಬ್ರಹಾಂ ಲಿಂಕನ್ನನನ್ನು ಊಹಿಸಿಕೊಂಡರೆ ಗಿಬ್ಸನ್ ಕಾಣುತ್ತಾನೆಂದು ಡಾಯ್ಲ್ ವರ್ಣಿಸಿದ್ದಾನೆ. ಡೇನಿಯಲ್ಲನ ತಂದೆ ರೇಮಂಡ್ ಮ್ಯಾಸಿ 1940ರ ಚಿತ್ರವೊಂದರಲ್ಲಿ ಲಿಂಕನ್ನನ ಪಾತ್ರ ವಹಿಸಿದವನು. 1931ರಲ್ಲಿ ಸ್ವತಃ ಹೋಮ್ಸನೂ ಆಗಿದ್ದನು! ಡಾಯ್ಲನ ಹೋಲಿಕೆಗೆ ಇದಕ್ಕಿಂತ ಒಪ್ಪುವ ನಟ ಸಿಕ್ಕುವುದು ಕಷ್ಟವಿತ್ತು. ಆದರೆ ಮುಖವನ್ನೂ ಮನೆಯನ್ನೂ ತೋರಿಸುವುದು ಕ್ಯಾಮೆರಾಕ್ಕೆ ಸುಲಭ. ಆ ಸಾವಿರಾರು ಜನರು ಡಾಯ್ಲನಲ್ಲಿಯೂ ಒಂದು ವಾಕ್ಯದೊಳಗೇ ಉಳಿದಿದ್ದಾರೆ.